ಡಿಮೈಸ್ ಅಂದರೆ ಬರೀ ಸಾವಲ್ಲ

ಡೆತ್, ಡಿಮೈಸ್, ಫೇಟಾಲಿಟಿ, ಕ್ಯಾಶುಯಲ್ಟಿ ಈ ನಾಲ್ಕು ಇಂಗ್ಲಿಷ್ ಪದಗಳಿಗೂ ನಿಮ್ಮ ಲೇಖನದಲ್ಲಿ ‘ಸಾವು’ ಎಂದೇ ಅರ್ಥ ಕೊಟ್ಟಿದ್ದೀರಿ. ಕೊನೆಯದನ್ನಂತೂ ದಯವಿಟ್ಟು ತಿದ್ದಿ. ಕ್ಯಾಶುಯಲ್ಟಿಯಲ್ಲಿ ಗಾಯಾಳುಗಳೂ ಸೇರುತ್ತಾರೆ. ಯುದ್ಧದ ಲೆಕ್ಕದಲ್ಲಿ ಕಾಣೆಯಾದವರು, ಸೆರೆ ಸಿಕ್ಕವರು ಕೂಡ. ‘50 ಕ್ಯಾಶುಯಲ್ಟೀಸ್’ ಎಂಬುದನ್ನು ‘50 ಮಂದಿ ಸಾವು’ ಎಂದು ಅನುವಾದಿಸಿದರೆ ಬದುಕಿರುವವರನ್ನೂ ಸಾಯಿಸಿದಂತೆ. ಸತ್ತವರು ಮಾತ್ರ ಎಂದರೆ ಫೇಟಾಲಿಟಿ.

ಡಿಮೈಸ್ ಮೂಲದಲ್ಲಿ ಆಸ್ತಿ, ಅಧಿಕಾರ ಕೈ ಬದಲಾಗುವುದನ್ನು ಹೇಳುವ ಕಾನೂನಿನ ಪದ. 1936ರಲ್ಲಿ ಬ್ರಿಟನ್ನಿನ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟುಕೊಟ್ಟಾಗ ಅಲ್ಲಿನ ಕಾಯ್ದೆ ಅದನ್ನು ‘ಡಿಮೈಸ್ ಆಫ್ ದ ಕ್ರೌನ್’ (ರಾಜಾಧಿಕಾರ ಕೈ ಬದಲಾಗುವುದು) ಎಂದೇ ಕರೆಯಿತು. ಎಡ್ವರ್ಡ್ ತೀರಿಕೊಂಡದ್ದು 1972ರಲ್ಲಿ! ಹಾಗಾಗಿ ಮನೆಯವರಿಗೆ ಸಂತಾಪ ಬರೆಯುವಾಗ ಈ ಪದ ಬಿಗಿಯಾಗಿ, ಕಚೇರಿ ಪತ್ರದಂತೆ ಕೇಳಿಸುತ್ತದೆ. ಅಲ್ಲಿ ‘ಪಾಸ್ಡ್ ಅವೇ’ ಹಿತ, ನಮ್ಮ ‘ತೀರಿಕೊಂಡರು’ ಇದ್ದ ಹಾಗೆ. ‘ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿತು ಎಂದಾಗುತ್ತದೆ, ಹುಷಾರು.

ಅರ್ಜಿ ತುಂಬುವವರಿಗೆ ಒಂದು ಮಾತು: ‘ಡಿಸೀಸ್ಡ್’ ಪದ ‘ಡಿ, ಇ, ಸಿ’ ಎಂದು ಶುರುವಾದರೆ ಮೃತರು, ‘ಡಿ, ಐ, ಎಸ್’ ಆದರೆ ರೋಗಪೀಡಿತರು. ಸ್ಪೆಲ್‌ಚೆಕ್ ಇದನ್ನು ಹಿಡಿಯದೇ ಹೋಗಬಹುದು, ಎರಡೂ ಸರಿಯಾದ ಪದಗಳೇ. ಇನ್ನು ‘ಹಿ ವಾಸ್ ಡೈಡ್’ ಬೇಡ. ‘ಹಿ ಡೈಡ್’ ಸಾಕು.