ಹಸಿರು ವೈರಿನ ಮೇಲೇಕೆ ಇಷ್ಟು ಸಿಟ್ಟು

ಹೊಸ ಸಾಮಾನಿನ ವೈರಿನ ತುದಿ ಬಿಚ್ಚಿ, ಒಳಗಿರುವ ಮೂರು ಎಳೆಗಳಲ್ಲಿ ಹಸಿರಿನದನ್ನು ಮಾತ್ರ ಬುಡಕ್ಕೇ ಕತ್ತರಿಸಿ ಎಸೆಯುವಾಗ ಕೆಲವು ಎಲೆಕ್ಟ್ರಿಷಿಯನ್‌ಗಳ ಮುಖದಲ್ಲಿ ಮೂಡುವ ನೆಮ್ಮದಿಯನ್ನು ನೀವೂ ನೋಡಿರುತ್ತೀರಿ. ಹುರುಳಿಕಾಯಿಯ ನಾರು ತೆಗೆದಷ್ಟು ಸಲೀಸಾಗಿ ಆ ಕೆಲಸ ಮುಗಿಯುತ್ತದೆ. ಮೊನ್ನೆ ನಮ್ಮ ಮನೆಯಲ್ಲಿ ಹಾಗೆ ಕತ್ತರಿಸಿಕೊಂಡ ತುಂಡು ಇನ್ನೂ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದೆ. ಗುಡಿಸುವಾಗ ಅದನ್ನು ಎಸೆಯಕೂಡದೆಂದು ನಾನೇ ಹೇಳಿದ್ದೇನೆ. ಸಿಟ್ಟು ಆರುವ ತನಕ ಸಾಕ್ಷಿಯಾದರೂ ಉಳಿಯಲಿ.

ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ಬಾಲ್ಕನಿ ಉತ್ತರಕ್ಕಿದೆ, ಅದರೆದುರಿಗೆ ಇನ್ನೊಂದು ಬ್ಲಾಕು ಎದ್ದು ನಿಂತು, ಬರಬಹುದಾಗಿದ್ದ ಅಲ್ಪಸ್ವಲ್ಪ ಬೆಳಕನ್ನೂ ತಡೆದಿದೆ. ಕೊತ್ತಂಬರಿ ಬಿತ್ತಿದರೆ ಮೊಳಕೆಯೇನೋ ಬರುತ್ತದೆ, ಆಮೇಲೆ ಬೆಳಕನ್ನು ಹುಡುಕುತ್ತಾ ಸಪೂರವಾಗಿ ಉದ್ದಕ್ಕೆ ಬೆಳೆದು ಪಕ್ಕಕ್ಕೆ ಒರಗಿ ಮಲಗಿಬಿಡುತ್ತದೆ. ಆದ್ದರಿಂದ ಒಂದು ಸ್ಟೀಲ್ ರ‍್ಯಾಕು, ಅದಕ್ಕೆ ನೇತುಹಾಕಲು ಗಿಡಗಳಿಗೆಂದೇ ಮಾಡಿದ 100 ವಾಟಿನ ಎಲ್‌ಇಡಿ ದೀಪ, ಎಲೆಗಳ ನಡುವೆ ಗಾಳಿಯಾಡಲು ಒಂದು ಪುಟ್ಟ ಫ್ಯಾನು, ಇವಿಷ್ಟನ್ನು ತರಿಸಿದೆ. ಫ್ಯಾನು ಶೋಕಿಗಲ್ಲ. ಮುಚ್ಚಿದ ಕೋಣೆಯಲ್ಲಿ ಸದಾ ತೇವವಾಗಿರುವ ಮಣ್ಣಿನ ಮೇಲೆ ಗಾಳಿಯಾಡದಿದ್ದರೆ ಎಳೆಯ ಸಸಿಗಳು ಬುಡ ಕೊಳೆತು ರಾತ್ರೋರಾತ್ರಿ ಬಿದ್ದುಹೋಗುತ್ತವೆ.

ತೀರ್ಥಹಳ್ಳಿಯ ಕಡೆಯವರಾದ ನಮ್ಮ ಅತ್ತೆಗೆ ಈ ಏರ್ಪಾಟು ಮೊದಲ ದಿನದಿಂದಲೂ ಸರಿಬಂದಿಲ್ಲ. ದೀಪ ಹತ್ತಿದ ಕೂಡಲೇ, "ಬಿಸಿಲಿಗೂ ಬಿಲ್ಲು ಕಟ್ಟೋ ಕಾಲ ಬಂತಲ್ಲೇ" ಎಂದರು. ಆ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. 100 ವಾಟಿನ ದೀಪವನ್ನು ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ 42 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ 200 ಯೂನಿಟ್ ಗಡಿಯನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಹತ್ತು ರೂಪಾಯಿಗೆ ಸಿಗುವ ಪುದೀನದ ಕಟ್ಟನ್ನು ಮನೆಯಲ್ಲೇ ಬೆಳೆದು ಎಷ್ಟು ಉಳಿಸಿದೆನೆಂದು ನಮ್ಮ ಮನೆಯವರು ಆಗಾಗ ವಿಚಾರಿಸುತ್ತಾರೆ. ಆ ಹೊತ್ತಿಗೆ ನನಗೆ ಒಳಗೆ ಏನಾದರೊಂದು ಕೆಲಸ ನೆನಪಾಗುತ್ತದೆ.

ದೀಪದ ವೈರಿನ ತುದಿಯಲ್ಲಿ ನಮ್ಮ ಯಾವ ಸಾಕೆಟ್ಟಿಗೂ ಹೊಂದದ ಚಪ್ಪಟೆ ಕಾಲಿನ ಪರದೇಶಿ ಪ್ಲಗ್ ಇತ್ತು. ಅದನ್ನು ತೆಗೆದು ನಮ್ಮ ತ್ರೀ ಪಿನ್ ಟಾಪ್ ಹಾಕಿಸಬೇಕೆಂದು ಅಪಾರ್ಟ್‌ಮೆಂಟಿನ ಎಲ್ಲ ಮನೆಗಳಿಗೂ ಬರುವ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದೆ. ಮನುಷ್ಯ ಒಳ್ಳೆಯವರು, ಕರೆದ ದಿನ ಬಾರದಿದ್ದರೂ ಕರೆದ ವಾರದೊಳಗೆ ಬರುತ್ತಾರೆ, ಎಲ್ಲರನ್ನೂ ಅಕ್ಕ, ಅಣ್ಣ ಎಂದೇ ಮಾತನಾಡಿಸುತ್ತಾರೆ. ಅವರ ಸಲಕರಣೆಗಳು ನಾಲ್ಕು: ಒಂದು ಟೆಸ್ಟರ್, ಒಂದು ಕಟಿಂಗ್ ಪ್ಲೇಯರ್, ಕಪ್ಪು ಇನ್ಸುಲೇಷನ್ ಟೇಪು, ಮತ್ತು "ಏನೂ ಆಗಲ್ಲ ಅಕ್ಕಾ" ಎಂಬ ಮಾತು. ಹೆಚ್ಚಿನ ಮನೆಗಳಲ್ಲಿ ನಾಲ್ಕನೆಯದೊಂದರಿಂದಲೇ ಕೆಲಸ ಮುಗಿಯುತ್ತದೆ.

ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ನೋಡಿದರು. ನಮ್ಮ ಗೋಡೆಗಳೊಳಗೆ ಓಡಾಡುವ ಕೆಂಪು, ಕಪ್ಪು, ಹಸಿರಿನ ಬದಲು ಅಲ್ಲಿ ಕಂದು, ನೀಲಿ, ಮತ್ತು ಹಳದಿ ಪಟ್ಟೆಯಿರುವ ಹಸಿರು ಎಳೆಗಳಿದ್ದವು. ಮೂರನೆಯದನ್ನು ಬೆರಳಲ್ಲಿ ಹಿಡಿದು ಒಂದು ಕ್ಷಣ ಯೋಚಿಸಿ, "ಇದು ಹಸಿರೂ ಅಲ್ಲ, ಹಳದೀನೂ ಅಲ್ಲ. ಡೌಟಿರೋ ವೈರು. ತೆಗೆದುಬಿಡೋದೇ ಸೇಫು" ಎಂದವರೇ ಪ್ಲೇಯರ್ ಆಡಿಸಿಬಿಟ್ಟರು. ಅದು ಅರ್ತ್ ವೈರು, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಅದು ನೆಲದ ಮೇಲಿತ್ತು. "ಅದಿಲ್ದೇನೂ ಲೈಟ್ ಉರಿಯುತ್ತೆ ಅಕ್ಕಾ" ಎಂದು ಸಮಾಧಾನ ಹೇಳಿದರು. ಉರಿಯುತ್ತದೆ, ನಿಜ. ದೀಪ ಉರಿಸುವುದಕ್ಕೂ ಆ ವೈರಿಗೂ ಸಂಬಂಧವೇ ಇಲ್ಲ. ಎಲ್ಲವೂ ಸರಿಯಾಗಿರುವ ದಿನ ಅದಕ್ಕೆ ಕಣ್ಣಿಗೆ ಕಾಣುವಂಥ ಕೆಲಸವೇ ಇರುವುದಿಲ್ಲ. ಆದ್ದರಿಂದಲೇ ಅದರ ಪರವಾಗಿ ವಾದಿಸುವುದು ಇಷ್ಟು ಕಷ್ಟ.

ಉಳಿದೆರಡು ಎಳೆಗಳಿಗೆ ಟೂ ಪಿನ್ ಟಾಪೊಂದನ್ನು ಹಾಕಿದ ಮೇಲೆ ಅವರು, "ಅಕ್ಕಾ, ಒಂದು ಪೆನ್ ಕೊಡಿ" ಎಂದರು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಬೇಕಾದ ಸಾಮಾನುಗಳನ್ನು ನೆನಪಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅರ್ಧ ಮರೆತು, ಮತ್ತೆ ಪೆಟ್ರೋಲಿನ ಲೆಕ್ಕ ಹೇಳುವ ಕಸುಬಿನಲ್ಲಿ ಒಬ್ಬರಾದರೂ ಪಟ್ಟಿ ಬರೆಯಲು ಮುಂದಾದರಲ್ಲ ಎಂದುಕೊಂಡು, ಪೆನ್ನಿನ ಜೊತೆಗೆ ಕಾಗದವನ್ನೂ, ಕಾಗದದ ಕೆಳಗಿಟ್ಟುಕೊಳ್ಳಲು ಮಗಳ ನೋಟುಬುಕ್ಕನ್ನೂ ತಂದುಕೊಟ್ಟೆ. ಅವರು ಕಾಗದವನ್ನೂ ನೋಟುಬುಕ್ಕನ್ನೂ ಕರುಣೆಯಿಂದ ನೋಡಿ ಹಿಂತಿರುಗಿಸಿದರು. ಪೆನ್ನನ್ನು ಮಾತ್ರ ಇಟ್ಟುಕೊಂಡು, ಅದರ ಕ್ಯಾಪನ್ನು ಕಚ್ಚಿ ತೆಗೆದು, ಸಾಕೆಟ್ಟಿನ ಮೇಲ್ಗಡೆಯ ದೊಡ್ಡ ತೂತಿಗೆ ತುರುಕಿದರು.

ಆ ತೂತಿನ ವಿಷಯ ಸ್ವಲ್ಪ ಹೇಳಬೇಕು. ಮಕ್ಕಳು ಕಡ್ಡಿ, ಪಿನ್ನು ಚುಚ್ಚಬಾರದೆಂದು ಸಾಕೆಟ್ಟಿನ ಕೆಳಗಿನ ಎರಡು ತೂತುಗಳಿಗೆ ಒಳಗಡೆ ಪುಟ್ಟ ಬಾಗಿಲುಗಳಿರುತ್ತವೆ. ತ್ರೀ ಪಿನ್ ಟಾಪಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದ. ಅದು ಮೊದಲು ಒಳಹೊಕ್ಕು ಆ ಬಾಗಿಲುಗಳನ್ನು ತೆರೆಯುತ್ತದೆ. ಅಂದರೆ ಅರ್ತ್ ಸೇರಿದ ಮೇಲೆಯೇ ಕರೆಂಟು ಸೇರಬೇಕು, ಪ್ಲಗ್ ಕೀಳುವಾಗ ಕರೆಂಟು ಹೋದ ಮೇಲೆಯೇ ಅರ್ತ್ ಬಿಡಬೇಕು. ಯಾರೋ ಪುಣ್ಯಾತ್ಮರು ಇಷ್ಟೆಲ್ಲ ಯೋಚಿಸಿ ಮಾಡಿದ್ದನ್ನು ಒಂದು ಬಾಲ್‌ಪೆನ್ನಿನ ಕ್ಯಾಪು ಸೋಲಿಸಿತು. ಬಾಗಿಲು ತೆರೆದುಕೊಂಡಿತು, ಟೂ ಪಿನ್ ಒಳಗೆ ನುಗ್ಗಿತು, ದೀಪ ಹತ್ತಿತು. ಪೆನ್ನು ಅವರ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಆಗಲೇ ಮೂರು ಪೆನ್ನುಗಳಿದ್ದವು, ಒಂದರಲ್ಲೂ ರೀಫಿಲ್ ಇರಲಿಲ್ಲ. ಪ್ರತಿ ಮನೆಯಿಂದಲೂ ಹೀಗೆ ಒಂದೊಂದು ಉಪಕರಣ ಸಂಗ್ರಹವಾಗುತ್ತದೆಂದು ಆಗ ಅರ್ಥವಾಯಿತು.

ಕಥೆ ಇಲ್ಲಿಗೇ ನಿಲ್ಲಲಿಲ್ಲ. ನಾನು ತರಿಸಿಟ್ಟಿದ್ದ ತ್ರೀ ಪಿನ್ ಟಾಪು ಹಾಗೇ ಉಳಿದಿತ್ತಲ್ಲ, ದುಡ್ಡು ಕೊಟ್ಟು ತಂದದ್ದು ವ್ಯರ್ಥವಾಗಬಾರದೆಂದು ಅದನ್ನು ಫ್ಯಾನಿಗೆ ಹಾಕಿಕೊಟ್ಟರು. ಫ್ಯಾನಿನದು ಪೂರ್ತಿ ಪ್ಲಾಸ್ಟಿಕ್ ಮೈ. ಅದರ ಹಿಂಭಾಗದಲ್ಲಿ ಚೌಕದೊಳಗೊಂದು ಚೌಕದ ಗುರುತಿದೆ. ಎರಡು ಪದರದ ಇನ್ಸುಲೇಷನ್ ಇರುವುದರಿಂದ ಅರ್ತ್ ಬೇಕಿಲ್ಲವೆಂದು ಆ ಗುರುತಿನ ಅರ್ಥ. ಅದರ ವೈರಿನಲ್ಲಿ ಇರುವುದೂ ಎರಡೇ ಎಳೆ. ಹೀಗೆ ಅರ್ತ್ ಬೇಡದ ಪ್ಲಾಸ್ಟಿಕ್ ಫ್ಯಾನು ಮೂರು ಕಾಲಿನ ಮೇಲೆ ಗತ್ತಿನಿಂದ ನಿಂತಿತು, ಅರ್ತ್ ಬೇಕೇಬೇಕಾದ ಅಲ್ಯೂಮಿನಿಯಂ ಮೈಯ ದೀಪ ಎರಡು ಕಾಲಿನ ಮೇಲೆ ನೇತಾಡಿತು. "ಲೋಡೇ ಇಲ್ಲ ಅಕ್ಕಾ, ಆರಾಮಾಗಿರಿ" ಎಂದು ಹೇಳಿ, ಇನ್ನೂರೈವತ್ತು ರೂಪಾಯಿ ತೆಗೆದುಕೊಂಡು ಹೊರಟರು.

ಲೋಡಿನ ಮಾತು ನಿಜವೇ. 230 ವೋಲ್ಟಿನಲ್ಲಿ 100 ವಾಟಿನ ದೀಪ ಎಳೆಯುವುದು ಅರ್ಧ ಆಂಪಿಯರಿನ ಆಸುಪಾಸು. 6 ಆಂಪಿಯರಿನ ಸಾಕೆಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಗಿಡದ ರ‍್ಯಾಕಿನ ಅಪಾಯ ಲೋಡಿನದಲ್ಲ, ನೀರಿನದು. ದಿನವೂ ನೀರು ಚಿಮುಕಿಸುವ, ಸದಾ ತೇವ ಆಡುವ ಜಾಗದಲ್ಲಿ, ಒದ್ದೆ ಕೈಯವರು ಬರಿಗಾಲಿನಲ್ಲಿ ಲೋಹದ ಕಂಬಿಗಳನ್ನು ಮುಟ್ಟುವಲ್ಲಿ ಅರ್ಧ ಆಂಪಿಯರ್ ಎಂಬುದು ಜೀವ ತೆಗೆಯಲು ಧಾರಾಳವಾಯಿತು. ಮನುಷ್ಯರನ್ನು ಕಾಯಲೆಂದು ಮೇನ್ ಬಾಕ್ಸಿನಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿದರೆ ಸಾಕು, ಬಿದ್ದು ಕರೆಂಟು ಕಡಿಯಬೇಕೆಂಬುದು ಲೆಕ್ಕ. ಆ ದೀಪ ಸುಮ್ಮನೆ ಉರಿಯುವಾಗ ಕುಡಿಯುವ ಕರೆಂಟೇ ಅದರ ಹದಿನಾಲ್ಕು ಪಟ್ಟಿನಷ್ಟಿದೆ. ಪಕ್ಕದಲ್ಲಿರುವ, ಲೋಡು ಮಿತಿಮೀರಿದರೆ ಬೀಳುವ ಎಂಸಿಬಿ ಕಾಯುತ್ತದಲ್ಲ ಎಂದು ನೆಮ್ಮದಿಯಾಗಿರುವವರಿದ್ದಾರೆ. ಎಂಸಿಬಿ ಕಾಯುವುದು ವೈರನ್ನು, ನಮ್ಮನ್ನಲ್ಲ.

ಕೆಲವು ದಿನಗಳ ನಂತರ ಪುದೀನ ಬಿಡಿಸುತ್ತಿದ್ದ ಅತ್ತೆ ಕೈ ಒದರಿಕೊಂಡು ಒಳಗೆ ಬಂದರು. ಬೆರಳು ಜುಂ ಎನ್ನುತ್ತಿದೆ ಎಂದರು. ನಾನು ದೀಪದ ವಿಷಯ ಎತ್ತುವ ಮೊದಲೇ ಅವರೇ ಕಾರಣವನ್ನೂ ಹೇಳಿದರು: "ಶುಗರ್ ಇದ್ದೋರಿಗೆ ಹೀಗೆ ಕೈ ಜುಂ ಅನ್ನುತ್ತೆ ಅಂತ ಡಾಕ್ಟರು ಅವತ್ತೇ ಹೇಳಿದ್ರಲ್ಲೇ." ಅಂದಿನಿಂದ ಕಾಫಿಗೆ ಸಕ್ಕರೆ ನಿಂತಿತು, ರಾತ್ರಿ ಅನ್ನದ ಬದಲು ಚಪಾತಿ ಬಂದಿತು, ಬೆಳಿಗ್ಗೆ ಮೆಂತ್ಯದ ನೀರು ಶುರುವಾಯಿತು. ಜುಂ ಮಾತ್ರ ನಿಲ್ಲಲಿಲ್ಲ. ಸಕ್ಕರೆಯ ಮಟ್ಟ ಚೆನ್ನಾಗಿ ಇಳಿದಿದೆಯೆಂದು ಲ್ಯಾಬಿನ ವರದಿ ಬಂದ ದಿನವೇ, ರ‍್ಯಾಕಿನ ಕಂಬಿ ಹಿಡಿದುಕೊಂಡ ನನಗೂ ಅದು ಬಡಿಯಿತು. ನನಗೆ ಶುಗರ್ ಇಲ್ಲ.

ದೀಪದೊಳಗೆ ಎಲ್‌ಇಡಿಗಳಿಗೆ ತಕ್ಕಂತೆ ಕರೆಂಟನ್ನು ಬದಲಿಸಿಕೊಡುವ ಡ್ರೈವರ್ ಎಂಬ ಭಾಗದಲ್ಲಿ ವಿದ್ಯುತ್ತಿನ ಗದ್ದಲ ಅಡಗಿಸಲು ಪುಟ್ಟ ಕೆಪಾಸಿಟರುಗಳಿರುತ್ತವೆ. ಅವುಗಳ ಮೂಲಕ ಅತ್ಯಲ್ಪ ಕರೆಂಟು ಲೋಹದ ಮೈಗೆ ಬಂದು, ಹಸಿರು ವೈರಿನ ದಾರಿಯಲ್ಲಿ ನೆಲ ಸೇರುತ್ತದೆ. ದಾರಿಯನ್ನೇ ಕತ್ತರಿಸಿದರೆ ಅದು ದೀಪದ ಮೈಯಲ್ಲಿ, ದೀಪದ ಕೊಕ್ಕೆಯ ಮೂಲಕ ರ‍್ಯಾಕಿನಲ್ಲಿ, ಯಾರಾದರೂ ಮುಟ್ಟಲಿ ಎಂದು ಕಾದಿರುತ್ತದೆ. ಸಾಮಾನ್ಯವಾಗಿ ಅದು ಒಂದು ಮಿಲಿಆಂಪಿಯರನ್ನೂ ಮುಟ್ಟದು, ಜುಂ ಎನಿಸಿ ಬಿಡುತ್ತದೆ. ಆದರೆ ತೇವಕ್ಕೆ ಒಳಗಿನ ಇನ್ಸುಲೇಷನ್ ಕೆಟ್ಟ ದಿನ 230 ವೋಲ್ಟು ಪೂರ್ತಿಯಾಗಿ ಅದೇ ಕಂಬಿಗೆ ಬರುತ್ತದೆ. ಅರ್ತ್ ಇದ್ದರೆ ಆರ್‌ಸಿಸಿಬಿ ಆ ಕ್ಷಣವೇ ಬೀಳುತ್ತದೆ. ಇಲ್ಲದಿದ್ದರೆ ಒಬ್ಬರು ಮುಟ್ಟುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಎಲೆಕ್ಟ್ರಿಷಿಯನ್‌ರನ್ನು ಮತ್ತೆ ಕರೆಸಿದೆ. ಟೆಸ್ಟರನ್ನು ಕಂಬಿಗೆ ಮುಟ್ಟಿಸಿದರು, ಅದರ ಕೆಂಪು ಕಣ್ಣು ಮಿಣುಕಿತು. "ರಿಟರ್ನ್ ಬರ್ತಾ ಇದೆ ಅಕ್ಕಾ" ಎಂದರು. ಎಲ್ಲಿಗೆ ಹೋಗಿದ್ದದ್ದು ರಿಟರ್ನ್ ಬರುತ್ತಿದೆ ಎಂದು ಕೇಳಿದ್ದಕ್ಕೆ ಉತ್ತರವಿರಲಿಲ್ಲ, ಪರಿಹಾರವಿತ್ತು: "ಚಪ್ಪಲಿ ಹಾಕ್ಕೊಂಡು ಮುಟ್ಟಿ." ಹೋಗುವಾಗ ಮೇನ್ ಬಾಕ್ಸ್ ತೆರೆದು ಆರ್‌ಸಿಸಿಬಿಯನ್ನು ತೋರಿಸಿ, ಮಳೆಗಾಲದಲ್ಲಿ ಇದು ಸುಮ್ಮಸುಮ್ಮನೆ ಬಿದ್ದು ತೊಂದರೆ ಕೊಡುತ್ತದೆ, ಬೇಕಾದರೆ ಬೈಪಾಸ್ ಮಾಡಿಕೊಡುತ್ತೇನೆ, ಆರನೆಯ ಮಹಡಿಯವರಿಗೂ ಮಾಡಿಕೊಟ್ಟಿದ್ದೇನೆ ಎಂದರು. ಆರನೆಯ ಮಹಡಿಯವರ ಬಗ್ಗೆ ನನಗೆ ಅಂದಿನಿಂದ ಚಿಂತೆಯಾಗಿದೆ.

ತಿಪಟೂರಿನ ನಮ್ಮ ತವರಿನ ಹಿತ್ತಲಲ್ಲಿ, ಕರಿಬೇವಿನ ಮರದ ಪಕ್ಕದಲ್ಲಿ, ನೆಲದಿಂದ ಒಂದು ಗೇಣು ಮೇಲೆದ್ದ ಕಬ್ಬಿಣದ ಪೈಪೊಂದಿತ್ತು. ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಯಲ್ಲಿ ಹೂತಿದ್ದ ಅರ್ತಿಂಗ್ ಪೈಪು ಅದು. ಬೇಸಿಗೆಯಲ್ಲಿ ಗಿಡಗಳಿಗೆ ನೀರು ಹಾಕಿ ಮುಗಿಸಿದ ಮೇಲೆ ಅಪ್ಪ ಅದಕ್ಕೂ ಒಂದು ಕೊಡ ಸುರಿಯುತ್ತಿದ್ದರು. ಮಣ್ಣು ಒಣಗಿದರೆ ಕರೆಂಟು ನೆಲಕ್ಕೆ ಸಲೀಸಾಗಿ ಇಳಿಯುವುದಿಲ್ಲವೆಂದು ಅವರಿಗೆ ಯಾರೋ ಲೈನ್‌ಮನ್ ಹೇಳಿದ್ದರಂತೆ. ಚಿಗುರದ ಗಿಡಕ್ಕೆ ನೀರೇಕೆ ಎಂದು ನಾವು ಮಕ್ಕಳು ನಗುತ್ತಿದ್ದೆವು. ಅಪ್ಪನೂ ನಗುತ್ತಿದ್ದರು, ಆದರೆ ಕೊಡವನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಆಯುಧಪೂಜೆಯಲ್ಲಿ ಮೀಟರ್ ಬೋರ್ಡಿಗೆ ಇಟ್ಟ ಮೇಲೆ ಉಳಿದ ಕುಂಕುಮ ಆ ಪೈಪಿಗೂ ಸಿಗುತ್ತಿತ್ತು. ಮನೆ ಮಾರಿದಾಗ ನಾವು ಕರಿಬೇವಿನ ಸಸಿ ತಂದೆವು, ಅದು ಇಲ್ಲಿ ಬದುಕಲಿಲ್ಲ.

ಕಡೆಗೆ ಡಿಪ್ಲೊಮಾ ಎಲೆಕ್ಟ್ರಿಕಲ್ ಓದಿರುವ ನನ್ನ ಅಕ್ಕನ ಮಗ ಹಾಸನದಿಂದ ಬಂದಾಗ ಕೂತು ಎಲ್ಲವನ್ನೂ ಬಿಚ್ಚಿ ನೋಡಿದ. ದೀಪಕ್ಕೆ ತ್ರೀ ಪಿನ್ ಹಾಕಿದ. ಒಳಗೆ ಹಸಿರು ಎಳೆಯನ್ನು ಉಳಿದೆರಡಕ್ಕಿಂತ ಉದ್ದ ಬಿಟ್ಟ, ಯಾರಾದರೂ ವೈರನ್ನು ಎಳೆದರೂ ಅದು ಕಡೆಗೆ ಕಿತ್ತುಬರಲಿ ಎಂದು. ನೆಲದ ಮೇಲೆ ಕುಂಡಗಳ ನೀರು ಹರಿಯುವಲ್ಲಿ ಮಲಗಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಎತ್ತಿ ನೋಡಿ, ಇದಕ್ಕೆ ಮೂರು ತೂತುಗಳಿದ್ದರೂ ಒಳಗೆ ಓಡಿರುವುದು ಎರಡೇ ವೈರು, ಮೂರನೆಯ ತೂತು ಅಲಂಕಾರಕ್ಕೆ ಎಂದು ತೋರಿಸಿ ಅದನ್ನು ಕಸಕ್ಕೆ ಹಾಕಿದ. ಹೊಸ ಬೋರ್ಡನ್ನು ಗೋಡೆಗೆ, ನೀರು ಚಿಮ್ಮದ ಎತ್ತರದಲ್ಲಿ ಹೊಡೆದ. ವೈರು ಸಾಕೆಟ್ಟಿಗೆ ಹೋಗುವ ಮುಂಚೆ ಕೆಳಕ್ಕೆ ಒಮ್ಮೆ ಬಳುಕಿ ಮೇಲೇರುವಂತೆ ಕಟ್ಟಿದ. ವೈರಿನ ಗುಂಟ ಜಾರಿಬಂದ ನೀರು ಆ ಬಳುಕಿನ ತುದಿಯಿಂದ ತೊಟ್ಟಿಕ್ಕುತ್ತದೆಯೇ ಹೊರತು ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಇಷ್ಟೆಲ್ಲ ಮುಗಿಸಿ, ಮೂರು ಪುಟ್ಟ ದೀಪಗಳ ಟೆಸ್ಟರೊಂದನ್ನು ಸಾಕೆಟ್ಟಿಗೆ ಸಿಕ್ಕಿಸಿ ತಲೆ ಕೆರೆದುಕೊಂಡ. "ಚಿಕ್ಕಮ್ಮಾ, ಈ ಸಾಕೆಟ್ಟಿಗೇ ಅರ್ತ್ ಬಂದಿಲ್ಲ. ಮನೆ ಕಟ್ಟುವಾಗಲೇ ಎಳೆದಿಲ್ಲ."

ಹಾಗಾಗಿ ಈಗ ಮೇನ್ ಬಾಕ್ಸಿನಿಂದ ಆ ಕೋಣೆಗೆ ಹೊಸದಾಗಿ ಹಸಿರು ವೈರು ಎಳೆಯಬೇಕು. ಅಂಗಡಿಯವರು ಬಿಡಿಯಾಗಿ ಕತ್ತರಿಸಿ ಕೊಡಲು ಒಪ್ಪದೆ 90 ಮೀಟರಿನ ಪೂರ್ತಿ ಸುರುಳಿಯನ್ನೇ ಕೊಟ್ಟರು. ಮಿಕ್ಕಿದ್ದನ್ನು ಬಟ್ಟೆ ಒಣಹಾಕಲು ಕಟ್ಟಬಹುದೇ ಎಂದು ಅತ್ತೆ ವಿಚಾರಿಸಿದ್ದಾರೆ. ಗೋಡೆ ಕೊರೆಯಲು ಅಸೋಸಿಯೇಷನ್ನಿನ ಅನುಮತಿ ಬೇಕು. ಅರ್ಜಿ ಬರೆದುಕೊಟ್ಟೆವು. ನಿನ್ನೆ ಒಪ್ಪಿಗೆಯೂ ಬಂದಿತು, ಒಂದು ಷರತ್ತಿನೊಂದಿಗೆ: ಕಟ್ಟಡದೊಳಗಿನ ವಿದ್ಯುತ್ ಕೆಲಸವನ್ನು ಅಪಾರ್ಟ್‌ಮೆಂಟಿನ ಅಧಿಕೃತ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸತಕ್ಕದ್ದು. ಅವರು ಬೆಳಿಗ್ಗೆಯೇ ಉತ್ಸಾಹದಿಂದ ಫೋನು ಮಾಡಿದ್ದರು.

"ಶನಿವಾರ ಬರ್ತೀನಿ ಅಕ್ಕಾ. ಹಸಿರು ವೈರೇ ಆಗಬೇಕಾ? ನನ್ನ ಹತ್ರ ಕಪ್ಪು ಒಂದಿಷ್ಟು ಮಿಕ್ಕಿದೆ."