ಸಿಂಗಪುರ ಕಟ್ಟುತ್ತಿರುವ ಬಾಡಿಗೆ

ದೇಶಕ್ಕೆ ತೂಕ ಬರಲು ನೆಲ ಬೇಕಿಲ್ಲ ಎನ್ನುವವರೆಲ್ಲ ಬೆರಳು ತೋರಿಸುವುದು ಸಿಂಗಪುರದ ಕಡೆಗೆ. ನಮ್ಮ ಬೆಂಗಳೂರು ನಗರ ಜಿಲ್ಲೆಯ ಮೂರರಲ್ಲೊಂದು ಪಾಲಿನಷ್ಟು ಜಾಗ, ಸುಮಾರು 60 ಲಕ್ಷ ಜನ. ಮಲಕ್ಕಾ ಜಲಸಂಧಿಯ ಬಾಯಲ್ಲಿ ಕೂತು 2024ರಲ್ಲಿ, 20 ಅಡಿ ಉದ್ದದ ಪೆಟ್ಟಿಗೆಯ ಲೆಕ್ಕದಲ್ಲಿ, 4 ಕೋಟಿಗೂ ಹೆಚ್ಚು ಕಂಟೇನರ್ ಸಾಗಿಸಿದೆ. ಒಪ್ಪೋಣ. ಖರ್ಚಿನ ಪುಟವನ್ನೂ ಸ್ವಲ್ಪ ತಿರುವಿ ನೋಡಿ.

1965ರಲ್ಲಿ ಅದರ ವಿಸ್ತೀರ್ಣ ಸುಮಾರು 580 ಚದರ ಕಿ.ಮೀ. ಇತ್ತು, ಈಗ 730 ದಾಟಿದೆ. ಹೆಚ್ಚಿದ್ದೆಲ್ಲ ಸಮುದ್ರ ತುಂಬಿಸಿ ಪಡೆದದ್ದು. ತಳದಲ್ಲಿರುವುದು ನೀರು ಕುಡಿದ ಮೆತ್ತನೆಯ ಜೇಡಿ. ಮರಳು ಸುರಿದ ಕೂಡಲೇ ಕಟ್ಟಡ ಎಬ್ಬಿಸಿದರೆ ವರ್ಷಗಟ್ಟಲೆ ಕುಸಿಯುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಅಳತೆಗೆ. ಅದಕ್ಕೇ ಸುಮಾರು 10 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದೂವರೆ ಮೀಟರಿಗೊಂದರಂತೆ ಜೇಡಿಯ ಆಳಕ್ಕೆ ಇಳಿಸಿ, ಮೇಲೆ ಬೇಕಾದ್ದಕ್ಕಿಂತ ಎತ್ತರಕ್ಕೆ ಮರಳು ಹೇರುತ್ತಾರೆ. ಭಾರಕ್ಕೆ ಜೇಡಿಯೊಳಗಿನ ನೀರು ಪಟ್ಟಿಗುಂಟ ಮೇಲೇರಿ ಹೊರಬೀಳುತ್ತದೆ. ನೆಲ ಕೂತ ಮೇಲೆ ಹೆಚ್ಚುವರಿ ಮರಳನ್ನು ತೆಗೆದು ಪಕ್ಕದ ತುಂಡಿಗೆ ಹಾಕುತ್ತಾರೆ.

ಕೆಲಸ ಗೊತ್ತಿದ್ದರೆ ಸಾಲದು, ಮರಳು ಸಿಗಬೇಕಲ್ಲ! ಮಲೇಷ್ಯಾ 1997ರಲ್ಲಿ, ಇಂಡೋನೇಷ್ಯಾ 2007ರಲ್ಲಿ, ಕಾಂಬೋಡಿಯಾ 2017ರಲ್ಲಿ ರಫ್ತಿಗೆ ತಡೆ ಹಾಕಿದವು. ಸಿಂಗಪುರ ತನ್ನ ಟೆಕೋಂಗ್ ದ್ವೀಪದಲ್ಲಿ ಡಚ್ಚರ ಪೋಲ್ಡರ್ ಪದ್ಧತಿಗೆ ಹೊರಳಿದ್ದು ಮರಳು ಉಳಿಸಲು: ಸುತ್ತ ಒಡ್ಡು ಕಟ್ಟಿ ಒಳಗಿನ ನೀರನ್ನು ಪಂಪ್ ಮಾಡುವುದು. ನೆಲ ಸಮುದ್ರಮಟ್ಟಕ್ಕಿಂತ ಕೆಳಗೇ ಇರುತ್ತದೆ, ಹಾಗಾಗಿ ಪಂಪನ್ನು ಎಂದೂ ಕೈಬಿಡುವಂತಿಲ್ಲ.

ನೀರಿನ ಕಥೆಯೂ ಹಾಗೇ. 1962ರ ಒಪ್ಪಂದದಂತೆ ಮಲೇಷ್ಯಾದ ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ಎತ್ತಬಹುದು, ಸಾವಿರ ಗ್ಯಾಲನ್‌ಗೆ ಬರೀ 3 ಸೆನ್ (ಮಲೇಷ್ಯಾದ ಪೈಸೆ). ಅಗ್ಗವೇ, ಆದರೆ 2061ಕ್ಕೆ ಗಡುವು ಮುಗಿಯುತ್ತದೆ. ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕಗಳು, ಉಪ್ಪುನೀರನ್ನು ಸಿಹಿಯಾಗಿಸುವ ಘಟಕಗಳು ಎದ್ದದ್ದರ ಹಿಂದೆ ಈ ಲೆಕ್ಕವಿದೆ.

ಇನ್ನು ಸೈನ್ಯ. ಯುದ್ಧವಿಮಾನ ಮೇಲೇರಿ ಕೆಲವೇ ನಿಮಿಷಗಳಲ್ಲಿ ಗಡಿ ದಾಟಿಬಿಡುತ್ತದೆ. ಪೈಲಟ್‌ಗಳು ಅರಿಜೋನಾದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಲಿಯುತ್ತಾರೆ. ಪದಾತಿ ದಳ ಕ್ವೀನ್ಸ್‌ಲ್ಯಾಂಡಿಗೆ, ತೈವಾನಿಗೆ ಹೋಗುತ್ತದೆ. ಆತಿಥೇಯರ ಮನಸ್ಸು ಬದಲಾದರೆ ಅಭ್ಯಾಸದ ಮೈದಾನವೇ ಹೋಯಿತು.

ಇದೆಲ್ಲ ದುಡ್ಡಿಗೆ ಬಗ್ಗುವ ಸಮಸ್ಯೆ, ಜನರದ್ದು ಹಾಗಲ್ಲ. 60 ಲಕ್ಷದಲ್ಲಿ ಪೌರರು ಸುಮಾರು 36 ಲಕ್ಷ. 2023ರಲ್ಲಿ ಅಲ್ಲಿನ ಫಲವತ್ತತೆ ದರ 0.97, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಒಂದು ಮಗುವೂ ಇಲ್ಲ. ಬಂದರಿನ ಕ್ರೇನ್ ನಡೆಸಲು ಹೊರಗಿನವರನ್ನು ಕರೆಸಬಹುದು. 1967ರಿಂದ ಕಡ್ಡಾಯವಾಗಿರುವ ಸೇನಾ ಸೇವೆಗೆ ಹೋಗಬೇಕಾದವರು ಮಾತ್ರ ಪೌರರ, ಕಾಯಂ ನಿವಾಸಿಗಳ ಮನೆಯ ಹುಡುಗರೇ.