ಲಿಪ್‌ಸ್ಟಿಕ್ ಬೇಕು ಅಂದವರ ಮಾತು

"ಅಕ್ಕಾ, ಫೋಟಾ ತೆಗಿತೀವಿ ಅಂತ ಕರ್ದು ಮುಖಕ್ಕ ಪೌಡ್ರೂ ಹಚ್ಚಂಗಿಲ್ಲ ಅಂದ್ರ ಹೆಂಗ?"

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಬಳ್ಳಾರಿಯ ಕೌಲ್‌ಬಜಾರಿನ ಒಂದು ಮನೆಯ ಪಡಸಾಲೆಯಲ್ಲಿ ಒಬ್ಬ ಹೆಂಗಸು ನನ್ನನ್ನು ಹೀಗೆ ಕೇಳಿದರು. ಜೀನ್ಸ್ ಯೂನಿಟ್ಟಿನಲ್ಲಿ 12 ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಾರೆ. ಆ ಮಾತಿನಿಂದ ನಮ್ಮ ಮೂವರು ಗೆಳತಿಯರ ನಡುವೆ ದೊಡ್ಡ ಜಗಳವೇ ಆಯಿತು. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಇವತ್ತು ಮದುವೆ ಬುಕಿಂಗ್ ಇಲ್ಲ, ಬರೆಯಲು ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಳ್ಳಾರಿಯಲ್ಲಿ ಮೇಕಪ್ ಮಾಡುವುದೇ ನನ್ನ ಹೊಟ್ಟೆಪಾಡು. ನಿಶ್ಚಿತಾರ್ಥ, ಮದುವೆ, ಸೀಮಂತ, ಹಂಪಿಯ ಬಂಡೆಗಳ ಮೇಲೆ ಪ್ರೀ ವೆಡ್ಡಿಂಗ್ ಶೂಟ್. ಇದರ ನಡುವೆ ವರ್ಷಕ್ಕೆ ಒಂದೋ ಎರಡೋ ಸಲ ಇಬ್ಬರು ಗೆಳತಿಯರ ಜೊತೆ ಬೇರೆ ಥರದ ಕೆಲಸ ಮಾಡುತ್ತೇನೆ. ಒಬ್ಬಳು ಫೋಟೋಗ್ರಾಫರ್, ಬೆಂಗಳೂರಲ್ಲಿರುತ್ತಾಳೆ. ಇನ್ನೊಬ್ಬಳು ನಮ್ಮ ಬಳ್ಳಾರಿಯ ಗಾಂಧಿನಗರದವಳೇ, ಚಿತ್ರ ಬರೆಯುತ್ತಾಳೆ. ಇಬ್ಬರೂ ಸ್ತ್ರೀವಾದಿಗಳು. ಹೆಣ್ಣಿನ ಮೈ, ಹೆಣ್ಣಿನ ದುಡಿಮೆ, ಇದೇ ಅವರ ಚಿತ್ರಗಳ ವಿಷಯ. ಈ ಕೆಲಸದಲ್ಲಿ ದುಡ್ಡು ಹುಟ್ಟುವುದಿಲ್ಲ. ಎಷ್ಟೋ ಸಲ ಪೆಟ್ರೋಲ್ ಖರ್ಚು ಕೂಡ ನನ್ನದೇ. ಆದರೂ ಅವರು ಕರೆದ ದಿನ ನನಗೆ ಹಬ್ಬ.

ಆ ಸಲ ಅವರ ಯೋಜನೆ ಜೀನ್ಸ್ ಹೊಲಿಯುವ ಹೆಂಗಸರ ಫೋಟೋಗಳು. ನಮ್ಮೂರಿನವರಿಗೆ ಗೊತ್ತಿರುತ್ತೆ, ಇಲ್ಲಿ ಬಟ್ಟೆ ವಾಶಿಂಗ್‌ಗೆ ಹೋಗುವ ಮೊದಲೇ ಹೊಲಿಗೆ ಆಗುತ್ತದೆ. ಹೊಸ ಡೆನಿಮ್ಮಿನ ನೀಲಿ ಬಣ್ಣ ಮುಟ್ಟಿದರೆ ಸಾಕು, ಕೈಗೆ ಹತ್ತುತ್ತದೆ. ಬೆರಳ ತುದಿ, ಉಗುರಿನ ಸಂದಿ, ತೊಡೆಯ ಮೇಲಿನ ಸೀರೆ, ಎಲ್ಲ ನೀಲಿ. ಆ ನೀಲಿಯನ್ನೇ ದೊಡ್ಡದು ಮಾಡಿ ಬೆರಳಿನಿಂದ ಮೊಣಕೈವರೆಗೆ ಹರಿಯುವ ಹಾಗೆ ಬರೆಯಬೇಕು ಅನ್ನೋದು ಚಿತ್ರಕಾರ ಗೆಳತಿಯ ಆಸೆ. ಅದಕ್ಕೆ ನನ್ನನ್ನು ಕರೆದಿದ್ದರು. ಕೈಗೆ ಬಣ್ಣ, ಮುಖಕ್ಕೆ ಏನೂ ಬೇಡ. ಬರೀ ಮುಖ, ಬೆವರು, ಸುಸ್ತು, ಇದ್ದದ್ದು ಇದ್ದ ಹಾಗೆ. ಫೋಟೋಗ್ರಾಫರ್ ಗೆಳತಿ ಫೋನಿನಲ್ಲಿ ಮೂರು ಸಲ ಹೇಳಿದ್ದಳು.

ಆ ಹೆಂಗಸು ಏನು ಮಾಡಿಕೊಂಡು ಬಂದಿದ್ದರು ಗೊತ್ತಾ? ಸೋಪಿನ ಪುಡಿ, ಲಿಂಬೆಹಣ್ಣು ಹಾಕಿ ಕೈ ತಿಕ್ಕಿಕೊಂಡು ಬಂದಿದ್ದರು. ಚರ್ಮ ಕೆಂಪಾಗಿತ್ತು. ಆದರೂ ಉಗುರಿನ ಬುಡದಲ್ಲಿ ತೆಳುವಾಗಿ ಒಂದು ನೀಲಿ ಗೆರೆ ಉಳಿದಿತ್ತು. ಮದುವೆಗೆ ಉಡುವ ಸೀರೆ, ತಲೆ ತುಂಬ ಕನಕಾಂಬರ. ಇಂಥವರನ್ನು ಕೂರಿಸಿಕೊಂಡು "ನಿಮ್ಮ ಮುಖಕ್ಕೆ ಏನೂ ಹಚ್ಚಲ್ಲ, ಕೈಗೆ ಮಾತ್ರ ಇನ್ನಷ್ಟು ನೀಲಿ ಬಳೀತೀವಿ" ಅಂತ ನಾನು ಹೇಗೆ ಹೇಳಲಿ?

ಫೋಟೋಗ್ರಾಫರ್ ಗೆಳತಿಯನ್ನು ಹೊರಗೆ ಕರೆದು ಹೇಳಿದೆ, ಅವರು ಕೇಳಿದ್ದು ಹಚ್ತೀನಿ ಅಂತ. ಅವಳಿಗೆ ಸಿಟ್ಟು ಬಂತು. "ಲಿಪ್‌ಸ್ಟಿಕ್ ಹಚ್ಚಿದರೆ ಇದು ಸ್ಟುಡಿಯೋ ಫೋಟೋ ಆಗುತ್ತೆ ಕಣೇ, ಅವರ ದುಡಿಮೆ ಎಲ್ಲಿ ಕಾಣುತ್ತೆ?" ಅಂದಳು. ನಾನೂ ಬಿಡಲಿಲ್ಲ. "ದುಡಿಯೋ ಹೆಣ್ಣು ಲಿಪ್‌ಸ್ಟಿಕ್ ಹಚ್ಚಲ್ವಾ? ನಾನೂ ದುಡಿಯೋಳೇ. ದಿನಾ ಹಚ್ತೀನಿ."

ಅವಳ ಕಡೆಯ ನ್ಯಾಯವನ್ನೂ ಹೇಳಬೇಕು. ಬಣ್ಣದ ಡಬ್ಬಿ ಕಂಡರೆ ಅವಳಿಗೆ ಆಗದೇ ಇರುವುದಕ್ಕೆ ಕಾರಣ ಇದೆ. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. ಆ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿದ್ದು 2020ರಲ್ಲಿ. ಲೆಕ್ಕ ಹಾಕಿ, 45 ವರ್ಷ. ನಮ್ಮ ಅಮ್ಮಂದಿರ ಕಾಲದಿಂದ ನಮ್ಮ ಕಾಲದವರೆಗೆ ಬೆಳ್ಳಗಿದ್ದರೇ ಚಂದ ಅನ್ನುವ ಮಾತನ್ನು ಕೇಳಿಕೊಂಡೇ ಬೆಳೆದಿದ್ದೇವೆ. ಮತ್ತೆ ಆ ಮಾತನ್ನು ನನ್ನ ಕೈಯೇ ಎಷ್ಟು ವರ್ಷ ನಡೆಸಿಕೊಟ್ಟಿದೆ! ಮದುಮಗಳನ್ನು ಕೂರಿಸಿದ ತಕ್ಷಣ ಚಿಕ್ಕಮ್ಮನೋ ಅತ್ತೆಯೋ ಬಂದು ಕಿವಿಯಲ್ಲಿ ಹೇಳುತ್ತಾರೆ, "ಒಂದೆರಡು ಶೇಡ್ ಎತ್ತಿಬಿಡ್ರಿ, ಹುಡುಗನ ಕಡೆಯವರು ಸ್ವಲ್ಪ ಬೆಳ್ಳಗದಾರ." ನಾನು ಎತ್ತುತ್ತಿದ್ದೆ.

ಒಂದು ಆಲ್ಬಮ್ ನನಗೆ ಮರೆಯಲು ಆಗುವುದಿಲ್ಲ. ಕಪ್ಪು ಮೈಬಣ್ಣದ, ಲಕ್ಷಣವಾದ ಹುಡುಗಿ. ಮೂರು ಶೇಡ್ ತಿಳಿಯಾದ ಫೌಂಡೇಶನ್ ಹಚ್ಚಿ, ಮೇಲೆ ಬಿಳಿ ಪೌಡರ್ ಕೂರಿಸಿದ್ದೆ. ಕನ್ನಡಿಯಲ್ಲಿ ಪರವಾಗಿಲ್ಲ ಅನ್ನಿಸಿತ್ತು. ಫ್ಲಾಶ್ ಬಿದ್ದ ಫೋಟೋಗಳಲ್ಲಿ ಮುಖ ಬೂದಿ ಬಳಿದ ಹಾಗಿತ್ತು. ತಾಳಿ ಕಟ್ಟುವ ಹೊತ್ತಿನ ಫೋಟೋದಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಆ ಹುಡುಗಿ ನನಗೆ ಏನೂ ಅನ್ನಲಿಲ್ಲ. ಅದೇ ಇನ್ನೂ ಕಷ್ಟ. ಅವಳ ಮದುವೆಯ ಫೋಟೋದಲ್ಲಿ ಅವಳೇ ಇಲ್ಲ. ಅದು ನನ್ನ ತಪ್ಪು.

ಆಮೇಲೆ ಈ ಗೆಳತಿಯರ ಜೊತೆ ಕೆಲಸ ಮಾಡುತ್ತಾ ಮೊದಲಿನಿಂದ ಕಲಿತೆ. ಕಪ್ಪು ಮೈಬಣ್ಣದಲ್ಲೇ ಎಷ್ಟು ಬಗೆ! ಕೆಲವರದು ಒಳಗಿನಿಂದ ಬಂಗಾರ ಹೊಳೆಯುವ ಕಪ್ಪು, ಕೆಲವರದು ಕೆಂಪು ಬೆರೆತ ಕಪ್ಪು. ಶೇಡ್ ನೋಡಬೇಕಾದದ್ದು ಮಣಿಕಟ್ಟಿನ ಮೇಲಲ್ಲ, ದವಡೆಯ ಅಂಚಿನಲ್ಲಿ, ಹಗಲು ಬೆಳಕಿನಲ್ಲಿ. ಕಣ್ಣ ಕೆಳಗಿನ ಕಪ್ಪಿಗೆ ಕಲೆ ಮುಚ್ಚುವ ತಿಳಿ ಕನ್ಸೀಲರ್ ಹಚ್ಚಿದರೆ ಬೂದು ಬಣ್ಣ ಬರುತ್ತದೆ. ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ಹಚ್ಚಿ, ಆಮೇಲೆ ಮೈಬಣ್ಣದ್ದು ಹಚ್ಚಬೇಕು. ನಮ್ಮ ಊರಿನ ಬಿಸಿಲಿಗೆ ದಪ್ಪ ಹಚ್ಚಿದರೆ ಅರ್ಧ ಗಂಟೆಗೆ ಬಿರುಕು ಬಿಡುತ್ತದೆ. ತೆಳ್ಳಗೆ ಹಚ್ಚು, ಒತ್ತು, ಮತ್ತೆ ತೆಳ್ಳಗೆ ಹಚ್ಚು. ಬಳ್ಳಾರಿಯ ಅಂಗಡಿಗಳಲ್ಲಿ ತಿಳಿ ಶೇಡ್‌ಗಳೇ ಜಾಸ್ತಿ. ನಮ್ಮ ಹೆಣ್ಣುಮಕ್ಕಳ ಬಣ್ಣದ್ದು ಬೇಕಾದರೆ ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲಾ ಎರಡು ಬೆರೆಸಬೇಕು.

ಕ್ಯಾಮೆರಾ ಕೂಡ ನಮ್ಮ ಪರವಾಗಿ ಇರಲಿಲ್ಲ ಅಂತ ಗೆಳತಿ ತೋರಿಸಿಕೊಟ್ಟಳು. ರೀಲಿನ ಕಾಲದಲ್ಲಿ ಲ್ಯಾಬುಗಳಲ್ಲಿ ಬಣ್ಣ ಸರಿ ಇದೆಯಾ ಅಂತ ನೋಡೋಕೆ ಕೊಡಾಕ್ ಕಂಪನಿಯ ಒಂದು ಕಾರ್ಡ್ ಇರುತ್ತಿತ್ತು, ಶರ್ಲಿ ಕಾರ್ಡ್ ಅಂತ. ಅದರಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಅವಳ ಚರ್ಮ ಚೆನ್ನಾಗಿ ಬಂದರೆ ಎಲ್ಲರದ್ದೂ ಸರಿ ಅಂತ ಲೆಕ್ಕ. ಇದನ್ನು ಕೇಳಿದ ದಿನ ನಮ್ಮಮ್ಮನ ಮದುವೆ ಫೋಟೋ ತೆಗೆದು ನೋಡಿದೆ. ಅದರಲ್ಲಿ ಅಮ್ಮನ ಕಣ್ಣು, ಮೂಗುಬೊಟ್ಟು ಬಿಟ್ಟರೆ ಏನೂ ಸರಿಯಾಗಿ ಕಾಣುವುದಿಲ್ಲ. ಫೋಟೋದಲ್ಲಿ ತಾನು ಚೆನ್ನಾಗಿ ಬರಲ್ಲ ಅಂತ ಜೀವನಪೂರ್ತಿ ಅಂದುಕೊಂಡಿದ್ದಾಳೆ ಅಮ್ಮ.

ಅದೇ ಗೆಳತಿ ನನಗೆ ಪುಷ್ಪಮಾಲಾ ಎನ್. ಅವರ ಕೆಲಸವನ್ನೂ ಪರಿಚಯ ಮಾಡಿಸಿದಳು. ನಮ್ಮ ಬೆಂಗಳೂರಿನ ಕಲಾವಿದೆ. ತಾವೇ ವೇಷ ಹಾಕಿಕೊಂಡು, ಬಣ್ಣ ಹಚ್ಚಿಕೊಂಡು ಫೋಟೋದಲ್ಲಿ ನಿಲ್ಲುತ್ತಾರೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ದಕ್ಷಿಣ ಭಾರತದ ಹೆಣ್ಣುಗಳ ಚಿತ್ರಗಳನ್ನು ಮಾಡಿದರು. ಕ್ಯಾಲೆಂಡರಿನಲ್ಲಿ ನಾವು ದಿನಾ ನೋಡುವ ರವಿವರ್ಮನ ಲಕ್ಷ್ಮಿ ಆಗಿ ಅವರೇ ನಿಂತಿದ್ದಾರೆ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ಹಿಡಿದು ಫೋಟೋ ತೆಗೆಯುತ್ತಿದ್ದರಲ್ಲ, ಹಾಗೂ ನಿಂತಿದ್ದಾರೆ. ಲಕ್ಷ್ಮಿಯ ಮುಖವೂ ಬಣ್ಣ ಹಚ್ಚಿ ಮಾಡಿದ್ದು, 'ಅಸಲಿ ಬುಡಕಟ್ಟು ಹೆಂಗಸು' ಅಂತ ತೋರಿಸುವ ಮುಖವೂ ಯಾರೋ ನಿಲ್ಲಿಸಿ ಮಾಡಿದ್ದೇ. ಮೇಕಪ್ ಮಾಡುವವಳಾಗಿ ನನಗೆ ಇದು ತಟ್ಟನೆ ಅರ್ಥವಾಯಿತು. ಆ ಕೆಲಸದಲ್ಲಿ ತಯಾರಿಯನ್ನು ತೋರಿಸುವ ಒಂದು ಸರಣಿಯೇ ಇದೆ ಅನ್ನೋದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಪರದೆಯ ಹಿಂದಿನ ಕೆಲಸಕ್ಕೂ ಗೋಡೆಯ ಮೇಲೆ ಜಾಗ.

ಕೌಲ್‌ಬಜಾರಿನ ಅಂಗಳದಲ್ಲಿ ನಿಂತು ನಾನು ಗೆಳತಿಗೆ ಇದನ್ನೇ ಹೇಳಿದೆ. "ನೀನೇ ತೋರಿಸಿಕೊಟ್ಟೆ, ಎಲ್ಲ ಮುಖಾನೂ ಮಾಡಿದ್ದೇ ಅಂತ. ಹಾಗಾದರೆ ಏನೂ ಹಚ್ಚದ ಮುಖ ಇಟ್ಟುಕೊಂಡು ಇದು ಅಸಲಿ ಅಂತ ನಾವು ಹೇಳೋದು ಕೂಡ ಒಂಥರಾ ವೇಷ ಹಾಕಿಸಿದ್ದೇ ಅಲ್ವಾ? ಅದೂ ಅವರಿಗೆ ಬೇಡದ ವೇಷ."

ಅವಳು ಸುಮ್ಮನಾದಳು. ಚಿತ್ರಕಾರ ಗೆಳತಿ ಅಷ್ಟೊತ್ತಿಗೆ ಒಳಗೆ ಹೋಗಿ ಆ ಹೆಂಗಸಿನ ಪಕ್ಕ ಕೂತು ಕೇಳಿಯೇಬಿಟ್ಟಿದ್ದಳು, "ನಿಮಗ ಹೆಂಗ ಬೇಕ್ರಿ?"

ಅವರು ಬಹಳ ಹೊತ್ತು ಕೈ ನೋಡಿಕೊಂಡರು. ಆಮೇಲೆ ಹೇಳಿದರು. ಲಿಪ್‌ಸ್ಟಿಕ್ ಬೇಕು, ಕೆಂಪು. ಕಣ್ಣಿಗೆ ಕಾಡಿಗೆ. ಕೈಗೆ ನೀಲಿ ಬಳಿಯೋದು ಬೇಡ, "ಇರೋದು ಸಾಕು." ಆದರೆ ಉಗುರಿಗೆ ಕೆಂಪು ಬಣ್ಣ ಬೇಕು.

ನೀಲಿ ಕಲೆಯ ಬೆರಳಿಗೆ ಕೆಂಪು ನೇಲ್ ಪಾಲಿಶ್! ನಾವು ಮೂವರು ಎಷ್ಟು ತಲೆ ಕೆರೆದುಕೊಂಡಿದ್ದರೂ ಇದು ನಮಗೆ ಹೊಳೆಯುತ್ತಿರಲಿಲ್ಲ. ಅವರ ಒಂದೊಂದೇ ಬೆರಳು ಹಿಡಿದು ಹಚ್ಚಿದೆ. ತೋರುಬೆರಳಿನ ಉಗುರಿನಲ್ಲಿ ಸೂಜಿ ಹೊಕ್ಕ ಹಳೆಯ ಗಾಯ ಇತ್ತು. ಉಗುರು ಅಲ್ಲಿ ಸೀಳಿ ಬೆಳೆದಿತ್ತು. ಕೆಂಪು ಬಣ್ಣ ಆ ಸೀಳಿನಲ್ಲಿ ಇಳಿದು ಸಣ್ಣ ಗೆರೆಯಾಗಿ ನಿಂತಿತು. "ಮಿಷನ್ ಕೊಟ್ಟಿದ್ದು" ಅಂದರು. ಮುಖಕ್ಕೆ ಅವರದೇ ಬಣ್ಣದ ಫೌಂಡೇಶನ್ ತೆಳ್ಳಗೆ. ಹಣೆಯ ಮೇಲಿನ ಬಿಸಿಲುಕಲೆ ಮುಚ್ಚಲಾ ಅಂತ ಕೇಳಿದೆ. ಇರಲಿ ಅಂದರು. ಆ ಫೋಟೋದಲ್ಲಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೇರವಾಗಿ ನಮ್ಮನ್ನೇ ನೋಡುತ್ತಿದ್ದಾರೆ. ಸುಸ್ತೂ ಇದೆ, ಗತ್ತೂ ಇದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಮುಖ ನಾನು ಮಾಡಿಲ್ಲ.

ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ. ಯಾರ ಫೋಟೋ ತೆಗೆದರೂ ಮೊದಲು ಡಬ್ಬಿ ತೆರೆದು ಅವರ ಮುಂದೆ ಇಡುವುದು. ಏನು ಬೇಕು, ಏನು ಬೇಡ, ಅವರೇ ಹೇಳಬೇಕು. ಇದರಿಂದ ಕೆಲಸ ನಿಧಾನ ಆಗುತ್ತೆ, ಬೆಳಕು ಹೋಗುತ್ತೆ. ಹೋಗಲಿ.

ಬಣ್ಣ ಹಚ್ಚುವುದು ಹೆಂಗಸರನ್ನು ಕೂಡಿಹಾಕುವ ಕೆಲಸ ಅಂತ ವಾದ ಮಾಡುವ ತಂಗಿಯರಿಗೆ ಇನ್ನೊಂದು ವಿಷಯ ಹೇಳಬೇಕು. ಮುಂಬೈಯ ಸಿನಿಮಾ ಮೇಕಪ್ ಕಲಾವಿದರ ಸಂಘ ದಶಕಗಟ್ಟಲೆ ಹೆಂಗಸರಿಗೆ ಮೇಕಪ್ ಕೆಲಸಕ್ಕೆ ಬೇಕಾದ ಸದಸ್ಯತ್ವದ ಕಾರ್ಡ್ ಕೊಡುತ್ತಲೇ ಇರಲಿಲ್ಲ. ಹೆಂಗಸರು ತಲೆಗೂದಲು ಬಾಚಬಹುದು, ಮುಖ ಮುಟ್ಟುವ ಹಾಗಿಲ್ಲ. ಚಾರು ಖುರಾನಾ ಅನ್ನುವ ಮೇಕಪ್ ಕಲಾವಿದೆ ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರಿನಲ್ಲಿ ಕೋರ್ಟು ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ ತೆಗೆದುಹಾಕಿತು. 2014! ನಾನು ಆಗಲೇ ಕೆಲಸ ಮಾಡುತ್ತಿದ್ದೆ. ನನ್ನ ಕೈಯಲ್ಲಿರುವ ಬ್ರಶ್ಶಿಗಾಗಿ ಹೆಂಗಸರು ಕೋರ್ಟು ಹತ್ತಬೇಕಾಯಿತು ಅನ್ನೋದು ಗೊತ್ತಾದಾಗ ಅದರ ತೂಕವೇ ಬೇರೆ ಆಯಿತು.

ನಮ್ಮ ಕಡೆ ಹೆಣ್ಣಿನ ವೇಷಕ್ಕೆ ಬಣ್ಣ ಹಚ್ಚುವುದನ್ನು ನಾನು ಮೊದಲು ನೋಡಿದ್ದು ಗಂಡಸರ ಮೇಲೆಯೇ. ಕುರುಗೋಡು ಕಡೆ ನಮ್ಮ ಹಳ್ಳಿಯ ಬಯಲಾಟದಲ್ಲಿ ದೊಡ್ಡಪ್ಪ ದ್ರೌಪದಿ ಪಾರ್ಟು ಮಾಡುತ್ತಿದ್ದರು. ಎರಡು ಸಲ ಕ್ಷೌರ ಮಾಡಿಕೊಂಡು, ಕೊಬ್ಬರಿ ಎಣ್ಣೆ ತಿಕ್ಕಿ, ಸಫೇದ ಅನ್ನುವ ಬಿಳಿ ಪುಡಿ, ಅರದಾಳ ಅನ್ನುವ ಹಳದಿ ಪುಡಿ ಕಲಸಿ ಹಚ್ಚಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಬಣ್ಣ ಕಲಸಿ ಕೊಡುವ ಕೆಲಸ ನನ್ನದು. ರಂಗನಟ ಬಳ್ಳಾರಿ ರಾಘವರು ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಅಂತ ಆ ಕಾಲದಲ್ಲೇ ಹೇಳಿ, ಹೆಂಗಸರನ್ನು ರಂಗದ ಮೇಲೆ ಕರೆತಂದವರು. ಅವರ ಊರು ಇದು. ಇನ್ನು ಮರಿಯಮ್ಮನಹಳ್ಳಿಯ ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಹಣೆ ತುಂಬ ಕುಂಕುಮ ಇಟ್ಟ ಆ ಮುಖ ನೋಡಿ ನಾನು ಅತ್ತುಬಿಟ್ಟೆ. ತನ್ನ ಮುಖ ಹೇಗಿರಬೇಕು ಅಂತ ತಾನೇ ಹೇಳೋಕೆ ಆ ತಾಯಿ ಎಷ್ಟು ನೋವು ತಿಂದಿದ್ದಾರೆ.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಈ ಥರದ ಒಂದು ಫೋಟೋ ಒಂದು ಕಡೆ ಅಚ್ಚಾಯಿತು. ಕೆಳಗೆ ಫೋಟೋಗ್ರಾಫರ್ ಹೆಸರು ಮಾತ್ರ ಇತ್ತು. ಕೂತವರ ಹೆಸರಿಲ್ಲ, ಚಿತ್ರ ಬರೆದವಳ ಹೆಸರಿಲ್ಲ, ನನ್ನದೂ ಇಲ್ಲ. ಕೇಳಿದ್ದಕ್ಕೆ "ಮೇಕಪ್ಪಿಗೆಲ್ಲಾ ಹೆಸರು ಹಾಕಲ್ಲ ಮೇಡಂ" ಅಂದರು. ಸ್ತ್ರೀವಾದದ ಚಿತ್ರ ಅಂತ ಹಾಕಿಕೊಂಡು ಅದರಲ್ಲಿ ದುಡಿದ ಹೆಂಗಸರ ಹೆಸರು ಬಿಡುವುದು ನನಗೆ ಸಹಿಸಲು ಆಗಲಿಲ್ಲ. ನನ್ನ ಗೆಳತಿ ಅವರಿಗೆ ಅವತ್ತೇ ಫೋನ್ ಮಾಡಿ, ಹೆಸರು ಹಾಕದಿದ್ದರೆ ಇನ್ನು ಫೋಟೋ ಕೊಡಲ್ಲ ಅಂದಳು. ಈಗ ಅವಳು ಎಲ್ಲಿ ಫೋಟೋ ಕೊಟ್ಟರೂ ಕೂತವರು ಒಪ್ಪಿದರೆ ಅವರ ಹೆಸರು ಮೊದಲು, ಆಮೇಲೆ ನಮ್ಮ ಮೂವರದು. ಕೌಲ್‌ಬಜಾರಿನ ಅಕ್ಕ ತಮ್ಮ ಹೆಸರು ಬೇಡ ಅಂದರು, ಯೂನಿಟ್ಟಿನಲ್ಲಿ ತೊಂದರೆ ಆಗುತ್ತೆ ಅಂತ. ಅದಕ್ಕೇ ಇಲ್ಲೂ ಬರೆದಿಲ್ಲ.

ಫೋಟೋದ ಒಂದು ಪ್ರತಿ ಅವರಿಗೆ ಕೊಟ್ಟಿದ್ದೇವೆ. ದೇವರ ಪಟದ ಪಕ್ಕ ಹಾಕಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. ತಂಗಿ ಮದುವೆಯಂತೆ, ನಾನೇ ಬರಬೇಕಂತೆ. "ಆಕಿ ನನಗಿಂತ ಕಪ್ಪದಾಳ, ಆಕಿ ಬಣ್ಣದ್ದೇ ತಗೊಂಡ್ ಬರ್ರಿ" ಅಂದರು. ಆ ಶೇಡ್ ನನ್ನ ಹತ್ತಿರ ಇಲ್ಲ. ರಾತ್ರಿನೇ ಆರ್ಡರ್ ಹಾಕಿದ್ದೇನೆ, ಶುಕ್ರವಾರ ಬರುತ್ತೆ ಅಂತ ತೋರಿಸುತ್ತಿದೆ. ಮದುವೆ ಭಾನುವಾರ.